ಲಾರಿಯ ಒಡೆಯನೋ, ಕಂತಿನ ಆಳೋ?

“ಎಷ್ಟು ದಿನವೆಂದು ಇನ್ನೊಬ್ಬರ ಸ್ಟೇರಿಂಗ್ ತಿರುಗಿಸುತ್ತೀಯೆ? ನಿನ್ನದೇ ಒಂದು ಗಾಡಿ ಮಾಡು, ಒಡೆಯನಾಗು.” ಜಿಲ್ಲೆಯ ಯಾವ ಲಾರಿ ಸ್ಟ್ಯಾಂಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಫೈನಾನ್ಸ್ ಕಂಪನಿಯ ಏಜೆಂಟ್ ಹೇಳುತ್ತಾನೆ, ಷೋರೂಮಿನವನು ಹೇಳುತ್ತಾನೆ, ಸ್ವಯಂ ಉದ್ಯೋಗದ ಮೇಲೆ ಭಾಷಣ ಬಿಗಿಯುವ ಮಂತ್ರಿ ಮಹಾಶಯರೂ ಹೇಳುತ್ತಾರೆ. ಕ್ಲೀನರಾಗಿ ಸೇರಿ, ಡ್ರೈವರಾಗಿ ಬೆಳೆದು, ಹತ್ತು ಹದಿನೈದು ವರ್ಷ ಪರರ ಗಾಡಿಯಲ್ಲಿ ನಿದ್ದೆಗೆಟ್ಟವನಿಗೆ ಅದು ಸಿಹಿಯಾಗಿ ಕೇಳಿಸುವುದು ಸಹಜವೇ.

ಆ ಆಸೆಯ ಮೇಲೆ ನಮ್ಮ ಆಕ್ಷೇಪವಿಲ್ಲ. ದುಡಿಯುವವನು ತನ್ನ ದುಡಿಮೆಯ ಸಾಧನಕ್ಕೆ ತಾನೇ ಒಡೆಯನಾಗಬೇಕೆಂಬುದು ನ್ಯಾಯವಾದ ಮಾತು. ಉಳುವವನೇ ನೆಲದೊಡೆಯನೆಂದು ಕೂಗಿದ ನಾಡಿನಲ್ಲಿ ಓಡಿಸುವವನೇ ಲಾರಿಯೊಡೆಯನೆನ್ನಲು ಅಡ್ಡಿಯೇನು? ನಮ್ಮ ಆಕ್ಷೇಪವಿರುವುದು ಆ ಆಸೆಯನ್ನು ಮಾರಾಟದ ಸರಕು ಮಾಡಿಕೊಂಡವರ ಮೇಲೆ. ಅವರು ಒಡೆತನ ಕೊಡುತ್ತೇವೆಂದು ಹೇಳಿ ಸಾಲ ಕೊಡುತ್ತಾರೆ; ಲಾಭ ನಿನ್ನದೆಂದು ಹೇಳಿ ನಷ್ಟವನ್ನು ಮಾತ್ರ ನಿನ್ನ ಹೆಸರಿಗೆ ಬರೆಯುತ್ತಾರೆ. ಹೊಸದಾಗಿ ಗಾಡಿ ಮಾಡಹೊರಟ ನಮ್ಮ ಹುಡುಗರು ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಒಮ್ಮೆ ನೋಡಲಿ.

ಕಂತಿನ ಲೆಕ್ಕ

ಲೈಸೆನ್ಸಿನ ಬಾಗಿಲು ಅಷ್ಟೇನೂ ಬಿಗಿಯಲ್ಲ. ಇಪ್ಪತ್ತು ವರ್ಷ ತುಂಬಿರಬೇಕು, ಹಗುರ ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ನಿಜವಾದ ಹೊಸ್ತಿಲು ಇರುವುದು ಸಾಲದ ಕಾಗದದಲ್ಲಿ.

ಆರು ಚಕ್ರದ ಒಂದು ಲಾರಿಗೆ ಇಪ್ಪತ್ತು ಲಕ್ಷ ಸಾಲ ಮಾಡಿದನೆಂದು ಹಿಡಿಯೋಣ. ನಾಲ್ಕು ವರ್ಷ, 48 ಕಂತು. ಉಳಿದ ಅಸಲಿನ ಮೇಲೆ ಮಾತ್ರ ಶೇಕಡಾ 12ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 52,700 ರೂಪಾಯಿ. ಆದರೆ ಏಜೆಂಟನು ಈ ಭಾಷೆಯಲ್ಲಿ ಮಾತಾಡುವುದಿಲ್ಲ. “ಫ್ಲಾಟ್ ಎಂಟು ಪರ್ಸೆಂಟ್ ಅಣ್ಣಾ, ಹನ್ನೆರಡೆಲ್ಲಿ ಎಂಟೆಲ್ಲಿ” ಎನ್ನುತ್ತಾನೆ. ಎಂಟು ಹನ್ನೆರಡಕ್ಕಿಂತ ಕಡಿಮೆಯೆಂದು ನಮ್ಮವನು ಹಿಗ್ಗುತ್ತಾನೆ. ಫ್ಲಾಟ್ ಎಂದರೆ, ಅಸಲು ತೀರುತ್ತ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಇಡೀ ಇಪ್ಪತ್ತು ಲಕ್ಷದ ಮೇಲೆಯೇ ಓಡುತ್ತಿರುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ 6 ಲಕ್ಷ 40 ಸಾವಿರ, ಕಂತು 55,000. ಇಳಿಯುವ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ಆ ಎಂಟು ಶೇಕಡಾ ಹದಿನಾಲ್ಕನ್ನು ದಾಟುತ್ತದೆ! ಚಿಕ್ಕ ಅಂಕಿ ತೋರಿಸಿ ದೊಡ್ಡ ಬಡ್ಡಿ ವಸೂಲು ಮಾಡುವ ಈ ವಿದ್ಯೆ ಹಳೆಯ ಊರ ಸಾಹುಕಾರನದೇ. ಈಗ ಅದಕ್ಕೆ ಗಾಜಿನ ಬಾಗಿಲ ಆಫೀಸು ಬಂದಿದೆ, ಅಷ್ಟೆ.

ಬ್ಯಾಂಕುಗಳೆಲ್ಲಿ ಹೋದವು ಎಂದು ಕೇಳಬಹುದು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದವು. ಆ ಬಳಿಕ ಆದ್ಯತೆಯ ಸಾಲದ ಪಟ್ಟಿಯಲ್ಲಿ ಸಣ್ಣ ರಸ್ತೆ ಸಾರಿಗೆಯವನ ಹೆಸರೂ ಸೇರಿತು. ಆದರೆ ಒಂಟಿ ಲಾರಿಯವನ ಮುಖ ನೋಡಿ ಸಾಲ ಕೊಡುವ ಶ್ರಮವನ್ನು ಬ್ಯಾಂಕುಗಳು ಬಹುಮಟ್ಟಿಗೆ ಫೈನಾನ್ಸ್ ಕಂಪನಿಗಳಿಗೆ ಬಿಟ್ಟುಕೊಟ್ಟವು. ಕಂಪನಿಗೆ ಬ್ಯಾಂಕು ಸಾಲ ಕೊಡುತ್ತದೆ. ಕಂಪನಿಯು ಅದರ ಮೇಲೆ ತನ್ನ ಪಾಲು ಏರಿಸಿ ನಮ್ಮವನಿಗೆ ಕೊಡುತ್ತದೆ. ಜನರ ಠೇವಣಿಯ ಹಣ ಜನರಿಗೇ ತಲುಪುವ ಹೊತ್ತಿಗೆ ನಡುವಿನವನು ಉಂಡಿರುತ್ತಾನೆ.

ಒಂದು ಟ್ರಿಪ್ಪಿನ ಲೆಕ್ಕ

ಈಗ ಗಾಡಿ ರಸ್ತೆಗಿಳಿಯಲಿ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರು; ಹೋಗಿಬರಲು 600. ಲೀಟರಿಗೆ ನಾಲ್ಕು ಕಿಲೋಮೀಟರು, ಡೀಸೆಲ್ಲು ತೊಂಬತ್ತು ರೂಪಾಯಿ ಎಂದು ಹಿಡಿದರೆ 150 ಲೀಟರಿಗೆ 13,500. ತಿಂಗಳಿಗೆ ಎಂಟು ಟ್ರಿಪ್ಪು ಸಿಕ್ಕಿತೆನ್ನೋಣ. ಶೇಕಡಾ 12ರ ಕಂತಿನ ಪಾಲು ಟ್ರಿಪ್ಪಿಗೆ 6,600. ಈ ತೂಕದ ಗಾಡಿಗೆ 2022ರ ಜೂನಿನಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ವಿಮೆಯೊಂದೇ ವರ್ಷಕ್ಕೆ 35,313 ರೂಪಾಯಿ, ಅದರ ಮೇಲೆ ತೆರಿಗೆ ಬೇರೆ. ನ್ಯಾಷನಲ್ ಪರ್ಮಿಟ್ಟಿನ ಶುಲ್ಕ 16,500. ಇವೆರಡರ ಪಾಲು ಟ್ರಿಪ್ಪಿಗೆ ಸುಮಾರು 600. ಒಟ್ಟು 20,700.

ಇದರಲ್ಲಿ ಟೋಲ್ ಇಲ್ಲ, ಟೈರಿಲ್ಲ, ರಿಪೇರಿಯಿಲ್ಲ, ರಸ್ತೆ ತೆರಿಗೆಯಿಲ್ಲ, ಎಫ್‌ಸಿ ಖರ್ಚಿಲ್ಲ, ಬ್ರೋಕರನ ಕಮಿಷನ್ ಇಲ್ಲ, ಹಮಾಲಿಯಿಲ್ಲ, ದಾರಿಯ ಮಾಮೂಲಿಲ್ಲ, ಡ್ರೈವರನ ಊಟವಿಲ್ಲ. ಹನ್ನೆರಡು ಟನ್ ಹೇರಿಕೊಂಡು ಹೋಗಿ ಬರುವಾಗ ಖಾಲಿ ಬಂದರೆ, ಟನ್ನಿಗೆ 1,725 ರೂಪಾಯಿ ಬಾಡಿಗೆ ಸಿಕ್ಕಿದರೂ ‘ಒಡೆಯ’ನ ಕೈಯಲ್ಲಿ ಒಂದು ಕಾಸೂ ನಿಲ್ಲುವುದಿಲ್ಲ. ಗಾಡಿ ಬುಕ್ ಮಾಡಹೊರಟವನು ತನ್ನ ದಾರಿಗೆ, ತನ್ನ ಸರಕಿಗೆ ಈ ಲೆಕ್ಕವನ್ನು ಹಾಕಿಕೊಳ್ಳಲಿ. ಆಮೇಲೆ ಸ್ಟ್ಯಾಂಡಿನಲ್ಲಿ ನಡೆಯುತ್ತಿರುವ ಬಾಡಿಗೆ ಎಷ್ಟೆಂದು ನಾಲ್ಕು ಜನರನ್ನು ಕೇಳಲಿ. ಷೋರೂಮಿನವನನ್ನು ಮಾತ್ರ ಕೇಳಬಾರದು.

ಖರ್ಚಿನ ಒಂದೊಂದು ಬಾಬನ್ನೂ ಬೇರೆಯವರು ಗೊತ್ತುಮಾಡುತ್ತಾರೆ. ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರಿನಲ್ಲಿ ಸರ್ಕಾರ ಕೈಬಿಟ್ಟಿತು; 2017ರ ಜೂನಿನಿಂದ ದಿನಕ್ಕೊಂದು ದರ ಬಂತು. ಜಿಎಸ್‌ಟಿ ಬಂದರೂ ಡೀಸೆಲ್ಲನ್ನು ಅದರ ಹೊರಗಿಟ್ಟು, ಕೇಂದ್ರ ಒಂದು ಕೈಯಿಂದ, ರಾಜ್ಯ ಇನ್ನೊಂದು ಕೈಯಿಂದ ಹಿಂಡುತ್ತಿವೆ. ನಮ್ಮ ರಾಜ್ಯದ ಸರ್ಕಾರವು 2024ರ ಜೂನಿನಲ್ಲಿ ಒಮ್ಮೆ, 2025ರ ಏಪ್ರಿಲ್ 1ರಂದು ಇನ್ನೊಮ್ಮೆ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಲಾರಿಯ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿದಾಗ ದೊಡ್ಡ ಜಾಹೀರಾತು ಹೊರಟಿತು. ಕೊಳ್ಳುವಾಗ ಒಮ್ಮೆ ಬಿಟ್ಟುಕೊಟ್ಟದ್ದನ್ನು ಓಡಿಸುವಾಗ ದಿನದಿನವೂ ಕಿತ್ತುಕೊಂಡರೆ ಅದು ಉಪಕಾರ ಹೇಗಾದೀತು?

ಬಾಡಿಗೆ ಯಾರ ಕೈಯಲ್ಲಿದೆ?

ಡೀಸೆಲ್ಲಿಗೆ ಒಂದು ದರವಿದೆ, ಟೋಲಿಗೆ ದರವಿದೆ, ವಿಮೆಗೆ ದರವಿದೆ, ಕಂತಿಗೆ ತಾರೀಖಿದೆ. ಲಾರಿಯವನ ದುಡಿಮೆಗೆ ಮಾತ್ರ ದರವಿಲ್ಲ! ಅದನ್ನು ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ಬ್ರೋಕರನು ಹೇಳುತ್ತಾನೆ. “ಈ ರೇಟಿಗೆ ಹೋಗುವುದಾದರೆ ಹೋಗು, ಹಿಂದೆ ಹತ್ತು ಗಾಡಿ ನಿಂತಿವೆ.” ಕಂತಿನ ತಾರೀಖು ಹತ್ತಿರ ಬಂದವನು ಹೋಗಲೇಬೇಕು. ಅಡ್ವಾನ್ಸು ಡೀಸೆಲ್ಲಿಗೆ ಮುಗಿಯುತ್ತದೆ. ಬ್ಯಾಲೆನ್ಸು ಬರುವುದು ಬಿಲ್ಟಿಗೆ ಸಹಿಯಾಗಿ ವಾಪಸ್ಸು ಬಂದಮೇಲೆ. ಅದೂ ಸಾಮಾನು ಒದ್ದೆಯಾಗಿದೆ, ಒಂದು ಚೀಲ ಕಡಿಮೆಯಿದೆ, ಪಾರ್ಟಿ ಹಣ ಕೊಟ್ಟಿಲ್ಲ ಎಂಬ ನೆಪಗಳು ತೀರಿದಮೇಲೆ. ಎರಡು ದಿನ ಗೋಡೌನಿನ ಮುಂದೆ ನಿಂತದ್ದಕ್ಕೆ ಹಾಲ್ಟಿಂಗ್ ಕೇಳಿದರೆ ಮುಂದಿನ ಲೋಡು ಇಲ್ಲ.

ಕಾನೂನಿಲ್ಲವೆಂದೇ? ಇದೆ. ಮೋಟಾರು ವಾಹನ ಕಾಯಿದೆಯ 67ನೆಯ ಕಲಮನ್ನು ತೆಗೆದು ಓದಿ. ಸರಕು ವಾಹನಗಳ ಬಾಡಿಗೆಗೆ ಕನಿಷ್ಠ, ಗರಿಷ್ಠ ಎರಡನ್ನೂ ಗೊತ್ತುಮಾಡಲು ನಿರ್ದೇಶನ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅದರಲ್ಲಿಯೇ ಇದೆ. ಆ ಅಧಿಕಾರದಿಂದ ಬಸ್ಸಿನ ದರ ಗೊತ್ತಾಗುತ್ತದೆ, ಆಟೋ ಮೀಟರಿನ ದರ ಗೊತ್ತಾಗುತ್ತದೆ. ಲಾರಿಯ ವಿಷಯ ಬಂದೊಡನೆ ‘ಮಾರುಕಟ್ಟೆ’ ಎಂಬ ಮಂತ್ರ ಪಠಿಸುತ್ತಾರೆ. ಏಕೆ? ಬಸ್ಸಿನ ದರ ಕಟ್ಟುವುದು ಪ್ರಯಾಣಿಕನು. ಲಾರಿಯ ಬಾಡಿಗೆ ಕಟ್ಟಬೇಕಾದದ್ದು ಸಿಮೆಂಟಿನ ಕಂಪನಿ, ಉಕ್ಕಿನ ಕಂಪನಿ, ದೊಡ್ಡ ಮಂಡಿಯ ವರ್ತಕ. ಕನಿಷ್ಠ ಬಾಡಿಗೆ ಬಂದರೆ ನೋವಾಗುವುದು ಯಾರಿಗೆಂದು ಬಿಡಿಸಿ ಹೇಳಬೇಕೇ?

ಬಾಡಿಗೆ ಸಾಲದೆಹೋದಾಗ ಒಂಟಿ ಲಾರಿಯವನಿಗೆ ಉಳಿಯುವ ದಾರಿ ಓವರ್‌ಲೋಡು. ಅದನ್ನು ತಡೆಯಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು; ರಸ್ತೆಯೂ ಪ್ರಾಣವೂ ಉಳಿಯಬೇಕಾದರೆ ಅದು ಸರಿಯಾದ ಮಾತೇ. 2019ರ ಸೆಪ್ಟೆಂಬರಿನಿಂದ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹಾಗೆ ಓಡಿಸಿದವನನ್ನಲ್ಲದೆ ಓಡಿಸಲು ಕಾರಣನಾದವನನ್ನೂ ಹಿಡಿಯಲು ಕಾನೂನಿನಲ್ಲಿ ಅವಕಾಶವುಂಟು. ಆದರೆ ತನಿಖೆಯವರ ಕೈ ಸ್ಟೇರಿಂಗ್ ಹಿಡಿದವನ ತನಕ ಚಾಚುತ್ತದೆಯೇ ಹೊರತು ತೂಕ ಹೇರಿಸಿದ ಕಂಪನಿಯ ಗೇಟಿನ ತನಕ ಹೋಗುವುದಿಲ್ಲ. 2018ರಲ್ಲಿ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5ಕ್ಕೆ ಏರಿಸಿದ್ದೂ ಲಾರಿಯವನ ಉದ್ಧಾರವೆಂದೇ ಪ್ರಚಾರವಾಯಿತು. ಎಲ್ಲ ಗಾಡಿಗಳೂ ಎರಡು ಟನ್ ಹೆಚ್ಚು ಹೊತ್ತರೆ ಇದ್ದ ಸರಕಿಗೆ ಬೇಕಾಗುವ ಗಾಡಿಗಳು ಕಡಿಮೆಯಾಗುತ್ತವೆ. ಬೆಂಚಿನ ಮುಂದಿನ ಸಾಲು ಉದ್ದವಾಗುತ್ತದೆ. ಲಾಭ ಸರಕಿನವನಿಗೆ, ಸವೆತ ಟೈರಿನವನಿಗೆ.

ಬಳ್ಳಾರಿಯ ಪಾಠ

ಇದೆಲ್ಲ ಊಹೆಯೆನ್ನುವವರು ಹೊಸಪೇಟೆ, ಸಂಡೂರಿನ ಕಡೆ ಹೋಗಿ ವಿಚಾರಿಸಲಿ. ಅದಿರಿಗೆ ಚೀನದಲ್ಲಿ ಬೆಲೆ ಬಂದ ಕಾಲದಲ್ಲಿ ಹೊಲ ಮಾರಿದವರು, ಹೆಂಡತಿಯ ಒಡವೆ ಅಡವಿಟ್ಟವರು, ಬೇರೆಯವರ ಗಾಡಿ ಓಡಿಸುತ್ತಿದ್ದವರು ಸಾಲ ಮಾಡಿ ಲಾರಿ ಕೊಂಡರು. ಹಗಲಿರುಳು ಬೇಲೆಕೇರಿಗೆ, ಮಂಗಳೂರಿಗೆ, ಕೃಷ್ಣಪಟ್ಟಣಕ್ಕೆ ಅದಿರು ಸಾಗಿತು. ಸಾಲ ಕೊಡುವವರು ಮನೆ ಬಾಗಿಲಿಗೆ ಬಂದರು. ‘ಒಡೆಯನಾಗು’ ಎಂಬ ಮಾತು ಆಗ ಅಲ್ಲಿ ನಿಜವೆಂದೇ ಕಾಣುತ್ತಿತ್ತು.

2010ರ ಜುಲೈನಲ್ಲಿ ರಾಜ್ಯವು ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದು ಹಬ್ಬಿತು. ಲೂಟಿ ನಿಂತದ್ದು ತಪ್ಪೆಂದು ನಾವೆಂದೂ ಹೇಳುವುದಿಲ್ಲ. ನಿಲ್ಲಬೇಕಿತ್ತು, ಇನ್ನೂ ಮೊದಲೇ ನಿಲ್ಲಬೇಕಿತ್ತು. ನಾವು ಕೇಳುವುದು ಬೇರೆ. ಗಣಿ ನಿಂತ ದಿನ ಲಾರಿ ನಿಂತಿತು, ಆದರೆ ಕಂತು ನಿಂತಿತೇ? ರಸ್ತೆಯ ಬದಿಯಲ್ಲಿ, ಬಯಲಿನಲ್ಲಿ ಲಾರಿಗಳು ತುಕ್ಕು ಹಿಡಿದು ನಿಂತವು. ಫೈನಾನ್ಸಿನವರು ಒಂದೊಂದಾಗಿ ಎಳೆದೊಯ್ದರು. ಲೂಟಿಯಲ್ಲಿ ಕೋಟಿ ಕಂಡವರು ವಕೀಲರನ್ನು ಹಿಡಿದರು. ಅವರ ಅದಿರನ್ನು ಟನ್ನಿನ ಲೆಕ್ಕದಲ್ಲಿ ಹೊತ್ತವನು ಊರು ಬಿಟ್ಟ.

2013ರ ಏಪ್ರಿಲಿನಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು, ಉತ್ಪಾದನೆಗೆ ಮಿತಿ ಹಾಕಿತು. ಆ ಹೊತ್ತಿಗೆ ಮೊದಲಿನ ಅನೇಕರ ಬಳಿ ಲಾರಿ ಉಳಿದಿರಲಿಲ್ಲ. ಒಂದೇ ಸರಕು, ಒಂದೇ ದಾರಿ, ಒಬ್ಬನೇ ಸಾಹುಕಾರ. ಇದನ್ನು ನಂಬಿ ಗಾಡಿ ಮಾಡಿದವನ ಒಡೆತನ ಎಷ್ಟು ಗಟ್ಟಿಯೆಂಬುದನ್ನು ಬಳ್ಳಾರಿ ತೋರಿಸಿದೆ.

ಕಾಗದದ ಒಡೆಯ

ಕಾನೂನಿನ ಕಣ್ಣಿಗೆ ಈ ಮನುಷ್ಯ ಯಾರು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ವಿಧಿಸಿತು. ಆದರೆ ಅದು ಐದು ಮಂದಿ ಕೆಲಸಗಾರರಿದ್ದ ಸಂಸ್ಥೆಗಳಿಗೆ. 2025ರ ನವೆಂಬರ್ 21ರಂದು ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅದೂ ಧಣಿಯ ಕೈಕೆಳಗಿನ ಕೆಲಸಗಾರನನ್ನೇ ಮುಂದಿಟ್ಟುಕೊಂಡು ಬರೆದದ್ದು. ತನ್ನ ಲಾರಿಯನ್ನು ತಾನೇ ಓಡಿಸುವವನು ‘ಮಾಲೀಕ’. ಆದ್ದರಿಂದ ಅವನಿಗೆ ರಜೆಯಿಲ್ಲ, ಭವಿಷ್ಯನಿಧಿಯಿಲ್ಲ, ನಿದ್ದೆಗೊಂದು ಹೊತ್ತಿಲ್ಲ. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ, ಒಳ್ಳೆಯದು. ಹದಿನಾರು ಗಂಟೆ ಓಡಿಸಲೇಬೇಕಾದ ಬಾಡಿಗೆಯಲ್ಲಿ ತಂಗಾಳಿ ಎಷ್ಟು ಕಾಪಾಡೀತು?

ಮಾಲೀಕನಾದರೆ ಮಾಲೀಕನ ಹಕ್ಕಾದರೂ ಇದೆಯೇ? ಆರ್‌ಸಿ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಸಾಲ ಕೊಟ್ಟವನ ಹೆಸರಿರುತ್ತದೆ. ಮೂರು ಕಂತು ತಪ್ಪಿದರೆ ಹೆದ್ದಾರಿಯಲ್ಲಿ ಸರಕು ಸಮೇತ ಗಾಡಿ ಅಡ್ಡಗಟ್ಟುವವರುಂಟು. ಸಾಲ ವಸೂಲಿಗೆ ಗೂಂಡಾಗಳನ್ನು ಛೂ ಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಕಟುವಾಗಿ ಹೇಳಿದೆ. ತೀರ್ಪು ದೆಹಲಿಯಲ್ಲಿದೆ, ಗಾಡಿ ಸೀಜ್ ಮಾಡುವವನು ರಾತ್ರಿ ಎರಡು ಗಂಟೆಗೆ ಟೋಲ್ ಗೇಟಿನಾಚೆ ನಿಂತಿರುತ್ತಾನೆ.

ಇನ್ನು ಸರ್ಕಾರದ ಅಂದಾಜನ್ನೇ ನೋಡಿ. ಲೆಕ್ಕಪುಸ್ತಕ ಇಡದ ಸಣ್ಣ ಸಾರಿಗೆಯವನ ವರಮಾನವನ್ನು ಅಂದಾಜು ಮಾಡಲು 2018ರ ಬಜೆಟ್ಟಿನಲ್ಲಿ ಒಂದು ಸೂತ್ರ ತಂದರು: ಭಾರಿ ಗಾಡಿಯಾದರೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. ಅಂದರೆ ಹದಿನೆಂಟೂವರೆ ಟನ್ನಿನ ಲಾರಿಯವನ ನಿವ್ವಳ ಗಳಿಕೆ ತಿಂಗಳಿಗೆ 18,500ಕ್ಕೂ ಕಡಿಮೆಯಿಲ್ಲವೆಂದು ಖಜಾನೆ ಎಣಿಸಿತು. ಸಾಲದ ಭಾರ ಹೊತ್ತು, ಪ್ರಾಣ ಒತ್ತೆಯಿಟ್ಟು, ಹಗಲು ರಾತ್ರಿ ಓಡಿಸಿದವನಿಗೆ ಸರ್ಕಾರವೇ ಕಂಡ ಭಾಗ್ಯ ಇಷ್ಟು! ಸಂಬಳದ ಡ್ರೈವರನಿಗಿಂತ ಈ ‘ಒಡೆಯ’ ಎಷ್ಟು ಮೇಲು?

ಹಾಗಾದರೆ ಏನು ಮಾಡಬೇಕು?

“ಒಂದು ಗಾಡಿಯಿಂದ ಹತ್ತು ಗಾಡಿ ಮಾಡಿದವರಿಲ್ಲವೇ?” ಎಂದು ಕೇಳುವವರಿದ್ದಾರೆ. ಇದ್ದಾರೆ. ಅವರಲ್ಲಿ ಹೆಚ್ಚಿನವರು ಗಾಡಿಗೆ ಮೊದಲು ಲೋಡನ್ನು ಗೊತ್ತುಮಾಡಿಕೊಂಡವರು, ಹಳೆಯ ಗಾಡಿಯನ್ನು ಕಡಿಮೆ ಸಾಲದಲ್ಲಿ ಕೊಂಡವರು, ಗೇರುಬಾಕ್ಸು ಕೆಟ್ಟರೆ ಮೂರು ತಿಂಗಳು ತಡೆದುಕೊಳ್ಳುವಷ್ಟು ಹಣ ಬದಿಗಿಟ್ಟವರು. ಗಾಡಿ ಮಾಡಲೇಬೇಕೆಂದಿರುವವರು ಇದನ್ನಾದರೂ ಅನುಸರಿಸಲಿ. ಮನೆಯ ಪತ್ರ ಅಡವಿಡಬಾರದು. ಬಡ್ಡಿಯನ್ನು ಇಳಿಯುವ ಅಸಲಿನ ಲೆಕ್ಕದಲ್ಲಿ ಬರೆಸಿ ಓದಿಸಿಕೊಳ್ಳಬೇಕು. ಮುದ್ರಾ ಸಾಲ 2015ರಿಂದ ಸರಕು ಗಾಡಿಗೂ ಉಂಟು. ಬ್ಯಾಂಕಿನ ಮ್ಯಾನೇಜರು ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಲಿ ಎನ್ನಬೇಕು. ಉದ್ಯಮ ನೋಂದಣಿ ಮಾಡಿಸಿಕೊಂಡವನಿಗೆ 45 ದಿನದೊಳಗೆ ಹಣ ಕೊಡದ ಪಾರ್ಟಿಯ ಮೇಲೆ, 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ, ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಆ ಹಕ್ಕನ್ನು ಬಿಲ್ಲಿನ ಮೇಲೆಯೇ ಬರೆಯಬೇಕು.

ಆದರೆ ಒಬ್ಬೊಬ್ಬನ ಜಾಣತನದಿಂದ ಇಡೀ ಸ್ಟ್ಯಾಂಡಿನ ಗತಿ ಬದಲಾಗದು. ಹಿಂದೆ ಹತ್ತು ಗಾಡಿ ನಿಂತಿವೆಯೆಂಬ ಮಾತಿಗೆ ಉತ್ತರ, ಆ ಹತ್ತೂ ಗಾಡಿಗಳು ಒಂದೇ ದರ ಹೇಳುವುದು. ಹಿಮಾಚಲ ಪ್ರದೇಶದ ಬರ್ಮಾಣಾ, ದಾಡ್ಲಾಘಾಟ್‌ಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿಯ ಲಾರಿಯವರ ಸಂಘಗಳು ಸಿಮೆಂಟ್ ಕಾರ್ಖಾನೆಗಳೊಡನೆ ಟನ್ನಿಗೆ, ಕಿಲೋಮೀಟರಿಗೆ ಇಂತಿಷ್ಟೆಂದು ಒಪ್ಪಂದ ಮಾಡಿಕೊಂಡು ಸರತಿಯಲ್ಲಿ ಲೋಡು ಹಂಚಿಕೊಳ್ಳುತ್ತ ಬಂದವು. 2022ರ ಡಿಸೆಂಬರಿನಲ್ಲಿ ಅದಾನಿ ಕಂಪನಿಯು ಬಾಡಿಗೆ ಹೆಚ್ಚಾಯಿತೆಂದು ಎರಡು ಕಾರ್ಖಾನೆಗಳ ಬಾಗಿಲನ್ನೇ ಹಾಕಿತು. ಎರಡು ತಿಂಗಳಿಗೂ ಮೇಲೆ ಲಾರಿಯವರು ಜಗ್ಗಲಿಲ್ಲ. 2023ರ ಫೆಬ್ರವರಿಯಲ್ಲಿ ರಾಜಿಯಾಯಿತು: ಸಣ್ಣ ಗಾಡಿಗೆ ಟನ್ನಿಗೆ ಕಿಲೋಮೀಟರಿಗೆ 10 ರೂಪಾಯಿ 30 ಪೈಸೆ, ದೊಡ್ಡದಕ್ಕೆ 9 ರೂಪಾಯಿ 30 ಪೈಸೆ. ಹಳೆಯ ದರಕ್ಕಿಂತ ಸ್ವಲ್ಪ ಇಳಿಯಬೇಕಾಯಿತು, ನಿಜ. ಆದರೆ ದೇಶದ ಅತಿ ದೊಡ್ಡ ಬಂಡವಾಳಗಾರರಲ್ಲೊಬ್ಬನು ಒಂಟಿ ಲಾರಿಯವರ ಎದುರು ಮೇಜಿಗೆ ಕೂತು ಪೈಸೆಯ ಲೆಕ್ಕದಲ್ಲಿ ಮಾತಾಡಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಬೆಂಚಿನ ಮೇಲಿನ ಬ್ರೋಕರನೂ ಹಾಗೆ ಕೂರುವುದಿಲ್ಲ.

ನಮ್ಮ ನಾಡಿನಲ್ಲಿಯೂ ಉದಾಹರಣೆಯಿದೆ. ಕೊಪ್ಪದಲ್ಲಿ ಮುಚ್ಚಿಹೋದ ಬಸ್ ಕಂಪನಿಯೊಂದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಮಲೆನಾಡಿನ ಹಳ್ಳಿ ಹಳ್ಳಿಗೆ ಮೂರು ದಶಕಗಳ ಹತ್ತಿರ ಬಸ್ಸು ಓಡಿಸಿದರು. 2020ರಲ್ಲಿ ನಷ್ಟ ತಾಳಲಾರದೆ ಅದು ನಿಂತಿತು. ಸಹಕಾರವೆಂದರೆ ಸಾಯುವ ಮಾತೆಂದು ನಗುವವರಿಗೆ ಹೇಳುತ್ತೇವೆ: ದುಡಿಯುವವರಿಗೆ ನಡೆಸಲು ಬರುತ್ತದೆಂಬುದನ್ನು ಕೊಪ್ಪ ಮೂವತ್ತು ವರ್ಷ ತೋರಿಸಿತು. ಡೀಸೆಲ್ಲು, ತೆರಿಗೆ, ಬಡ್ಡಿಗಳೆಲ್ಲ ಎದುರು ನಿಂತಾಗ ಸಂಘವೊಂದರಿಂದಲೇ ಆಗದು, ಸರ್ಕಾರದ ನೀತಿಯೂ ಬದಲಾಗಬೇಕೆಂಬುದನ್ನೂ ಅದೇ ತೋರಿಸಿತು.

2025ರ ಏಪ್ರಿಲ್ 14ರ ನಡುರಾತ್ರಿಯಿಂದ ರಾಜ್ಯದ ಲಾರಿಗಳು ಮುಷ್ಕರ ಹೂಡಿದವು. ಕೆಲವೇ ದಿನಗಳಲ್ಲಿ ಮಾತುಕತೆಯಾಗಿ ಹಿಂತೆಗೆದುಕೊಂಡರು. ಡೀಸೆಲ್ ತೆರಿಗೆ ಇಳಿಸಿ ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ನೂರು ಗಾಡಿಯ ಧಣಿಗೆ ಮುಷ್ಕರವೆಂದರೆ ನಾಲ್ಕು ದಿನದ ವಿಶ್ರಾಂತಿ. ಒಂದು ಗಾಡಿಯವನಿಗೆ ಅರ್ಧ ಕಂತು. ಇಬ್ಬರೂ ಒಂದೇ ಬಾವುಟದಡಿ ನಿಂತರೆ ಮಾತಾಡುವವನು ಧಣಿಯೇ ಆಗುತ್ತಾನೆ. ಆದ್ದರಿಂದ ತಾನೇ ಓಡಿಸುವ ಮಾಲೀಕರು ತಮ್ಮದೇ ಸಂಘ ಕಟ್ಟಬೇಕು. ಸಂಬಳದ ಡ್ರೈವರುಗಳನ್ನು, ಕ್ಲೀನರುಗಳನ್ನು, ಹಮಾಲರನ್ನು ಬಂಧುಗಳೆಂದು ಜೊತೆಗೆ ಕರೆಯಬೇಕು. ನಿನ್ನೆ ತಾನೂ ಕ್ಲೀನರಾಗಿದ್ದೆನೆಂಬುದನ್ನು ಗಾಡಿ ಕೊಂಡ ದಿನವೇ ಮರೆತವನು ಬಹಳ ದಿನ ಒಡೆಯನಾಗಿ ಉಳಿಯುವುದಿಲ್ಲ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಸರಳವಾಗಿವೆ:

1. 67ನೆಯ ಕಲಮಿನಡಿ ಟನ್ನಿಗೆ, ಕಿಲೋಮೀಟರಿಗೆ ಕನಿಷ್ಠ ಬಾಡಿಗೆ ಗೊತ್ತುಮಾಡಬೇಕು. ಡೀಸೆಲ್ ಏರಿದಂತೆ ಅದೂ ಏರಬೇಕು.

2. ಲೈಸೆನ್ಸಿಲ್ಲದೆ ಲೋಡು ಹಂಚುವ ಬ್ರೋಕರುಗಳ ಮೇಲೆ 93ನೆಯ ಕಲಮನ್ನು, ನೋಂದಣಿಯಿಲ್ಲದ ಟ್ರಾನ್ಸ್‌ಪೋರ್ಟ್ ಆಫೀಸುಗಳ ಮೇಲೆ 2007ರ ರಸ್ತೆ ಸಾಗಾಣಿಕೆ ಕಾಯಿದೆಯನ್ನು ಜಾರಿ ಮಾಡಬೇಕು.

3. ಒಂಟಿ ಲಾರಿಯವರಿಗೆ ಬ್ಯಾಂಕುಗಳೂ ಜಿಲ್ಲಾ ಸಹಕಾರಿ ಬ್ಯಾಂಕುಗಳೂ ನೇರವಾಗಿ ಸಾಲ ಕೊಡಬೇಕು. ಫ್ಲಾಟ್ ಬಡ್ಡಿಯ ಹೆಸರಿನ ಮೋಸವನ್ನು ನಿಷೇಧಿಸಬೇಕು.

4. ಸರ್ಕಾರದ ಅಥವಾ ಕೋರ್ಟಿನ ಆಜ್ಞೆಯಿಂದ ಕೆಲಸ ನಿಂತ ಪ್ರದೇಶದಲ್ಲಿ ಕಂತೂ ಬಡ್ಡಿಯೂ ನಿಲ್ಲಬೇಕು. ರಸ್ತೆಯ ಮೇಲೆ ಗಾಡಿ ಎಳೆದೊಯ್ಯುವುದನ್ನು ಪೊಲೀಸರು ದರೋಡೆಯೆಂದೇ ದಾಖಲಿಸಬೇಕು.

5. ಓವರ್‌ಲೋಡಿನ ದಂಡದ ಮೊದಲ ಪಾಲು ತೂಕ ಹೇರಿಸಿದವನಿಂದ ವಸೂಲಾಗಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಕಿಲ್ಲ, ಇದ್ದ ಕಾನೂನನ್ನು ಬಡವನ ಪರವಾಗಿ ಓದುವ ಮನಸ್ಸು ಬೇಕು. ಆ ಮನಸ್ಸು ಸರ್ಕಾರಕ್ಕೆ ತಾನಾಗಿ ಬಾರದು. ಬರುವಂತೆ ಮಾಡಬೇಕಾದವರು ಲಾರಿ ಸ್ಟ್ಯಾಂಡಿನಲ್ಲಿದ್ದಾರೆ. ಮುಂದಿನ ಸಲ ಏಜೆಂಟನು ಬಂದು “ಒಡೆಯನಾಗು” ಎಂದಾಗ ಅವನನ್ನು ಕೇಳಿ: ಬಾಡಿಗೆಯ ದರ ಹೇಳುವವನು ನಾನೋ, ಇನ್ನೊಬ್ಬನೋ? ಇನ್ನೊಬ್ಬನೆಂದಾದರೆ ಸಹಿ ಹಾಕುವ ಮುಂಚೆ ಸಂಘಕ್ಕೆ ಸೇರಿ. ಸಂಘವಿಲ್ಲದಿದ್ದರೆ ಮೊದಲು ಅದನ್ನು ಕಟ್ಟಿ.